ಯೂಸುಕೇಪಿಯನ್ ಮತ್ತು ಪಿಟೀಲು

ಜೂನ್ 4

ತಂಗೀ,

‘ಪ್ರೀತಿಯ’ ಅಂತ ಶುರು ಮಾಡಿ, ಆ ಪದವನ್ನು ಹೊಡೆದು ಹಾಕಿದ್ದೇನೆ. ಪ್ರೂಫ್ ತಿದ್ದುವವಳು ನಾನು. ಬೇಡದ ಪದ ಹೊಡೆಯುವುದಕ್ಕೇ ಪ್ರೆಸ್ಸಿನವರು ಸಂಬಳ ಕೊಡುತ್ತಾರೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗುತ್ತೇನೆ, ಕರಗಿದರೆ ಕೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದದ ಮೇಲೆ ಎಷ್ಟು ಬೇಕಾದರೂ ಅಳು. ಶಾಯಿ ಕದಡೀತು, ನಾನು ಕದಲುವುದಿಲ್ಲ.

ಭಾನುವಾರದ ಪುರವಣಿಯಲ್ಲಿ ನಿನ್ನ ‘ಮಾತಿನ ಮನೆತನ’ ಓದಿದೆ. ಪ್ರತಿ ವಾರದ ಹಾಗೆ ಕತ್ತರಿಸಿ, ಕೆಂಪು ಪೆನ್ನು ಹಿಡಿದು ಕೂತೆ. ಅಕ್ಷರದ ತಪ್ಪು ಒಂದೂ ಇಲ್ಲ. ಬರೆದದ್ದೇ ತಪ್ಪು.

ಯೂಸುಕೇಪಿಯನ್ ಅಂತೆ! ಇಂಗ್ಲಿಷಿನವರೇ ಮರೆತ ಪದ ನಿನಗೆ ಯಾವ ಅಟ್ಟದ ಮೇಲೆ ಸಿಕ್ಕಿತು? ‘ಲ್ಯಾಟಿನ್ನಿನಲ್ಲಿ ಊಸುಸ್ ಅಂದರೆ ಬಳಕೆ, ಕಪೆರೆ ಅಂದರೆ ಹಿಡಿದುಕೊಳ್ಳುವುದು. ಬೇರೆಯವರ ವಸ್ತುವನ್ನು ಯಾರ ತಕರಾರೂ ಇಲ್ಲದೆ ಗೊತ್ತಾದ ಕಾಲದವರೆಗೆ ಬಳಸಿಕೊಂಡು ಬಂದರೆ ಅದು ಬಳಸಿದವರದ್ದೇ ಆಗುತ್ತಿತ್ತು. ಹಳೆಯ ರೋಮನ್ನರಲ್ಲಿ ಜಮೀನಿಗೆ ಎರಡು ವರ್ಷ, ಚರವಸ್ತುವಿಗೆ ಒಂದು ವರ್ಷ.’

ಚರವಸ್ತು! ಅಂದರೆ ಓಡಾಡುವಂಥದ್ದು. ನಿನ್ನ ಮನೆಯಲ್ಲಿ ಓಡಾಡುತ್ತಿರುವುದು ಯಾರು ಅಂತ ನನಗೆ ಗೊತ್ತಿಲ್ಲವೇ? ಊರೆಲ್ಲ ಓದುವ ಪೇಪರಿನಲ್ಲಿ ಒಡಹುಟ್ಟಿದವಳಿಗೆ ನೋಟಿಸು ಕೊಡುತ್ತೀಯ?

ಐದು ವರ್ಷದ ಮಗಳನ್ನು ನಿನ್ನ ಕೈಗೆ ಕೊಟ್ಟಾಗ ನಿನ್ನ ಭಾವನಿಗೆ ಕ್ಷಯ. “ಮಗೂನ ಹತ್ರ ಬಿಡ್ಬೇಡಿ” ಅಂದಿದ್ದರು ಡಾಕ್ಟರು. “ಇವರು ಹುಷಾರಾಗೋ ತನಕ ನೋಡ್ಕೋ” ಅಂದಿದ್ದೆ ನಾನು. ಅವರು ಎರಡು ವರ್ಷಕ್ಕೇ ಹುಷಾರಾದರು. ರಾಗ ಎಳೆದು ಅಳುತ್ತಾಳೆ ಅಂತ ನಾವು ಪಿಟೀಲು ಅಂದ ಆ ಕೂಸಿಗೆ ಈಗ ಇಪ್ಪತ್ತೊಂದು.

ನನ್ನ ಪಿಟೀಲು ಎಕ್ಸ್‌ರೇ ಕೋರ್ಸು ಮುಗಿಸಿದ್ದಾಳೆ. ನಿಮ್ಮೂರಿನ ಆಸ್ಪತ್ರೆಯೂ ಕರೆದಿದೆ, ನಮ್ಮೂರಿನದ್ದೂ ಕರೆದಿದೆ. ಈ ತಿಂಗಳ ಕೊನೆಯೊಳಗೆ ಅವಳು ಒಂದಕ್ಕೆ ಒಪ್ಪಿಗೆ ಹೇಳಬೇಕು. ಯಾವುದಕ್ಕೆ ಅಂತ ನಾನು ಹೇಳಬೇಕಾಗಿಲ್ಲ. ನೀನು ಅಡ್ಡ ನಿಲ್ಲದಿದ್ದರೆ ಸಾಕು.

ಅಕ್ಕ


ಜೂನ್ 9

ಪ್ರೀತಿಯ ಅಕ್ಕ,

ನಾನು ಹೊಡೆದು ಹಾಕಿಲ್ಲ, ನೋಡು.

ಒಂದು ಪದಕ್ಕೆ ಇಷ್ಟು ಕೋಪವೇ? ವಾರ ವಾರ ಒಂದು ಅಂಕಣ ತುಂಬಿಸುವುದೆಂದರೆ ತಳ ಇಲ್ಲದ ಕೊಡಕ್ಕೆ ನೀರು ಹೊಯ್ದ ಹಾಗೆ. ಮೊನ್ನೆ ಒಬ್ಬರು ಓದುಗರು, ನಿವೃತ್ತ ವಕೀಲರು, ಈ ಪದದ ಹುಟ್ಟು ಕೇಳಿದ್ದರು. ಹೇಳಿದೆ. ಅಷ್ಟೇ. ಅದರ ಹಿಂದಿನ ವಾರ ಉಪ್ಪಿಗೂ ಸಂಬಳಕ್ಕೂ ಲ್ಯಾಟಿನ್ನಿನಲ್ಲಿ ಇರುವ ನೆಂಟಸ್ತಿಕೆ ಬರೆದಿದ್ದೆ. ಆಗ ‘ನನ್ನ ಅಡುಗೆಗೆ ಉಪ್ಪು ಕಡಿಮೆ ಅಂತ ಆಡಿಕೊಂಡೆ’ ಎಂದು ನೀನು ಕಾಗದ ಬರೆಯಲಿಲ್ಲ, ಅದೇ ನನ್ನ ಪುಣ್ಯ.

ಆದರೆ ಮಾತು ತೆಗೆದವಳು ನೀನು. ನಾನೂ ಮುಗಿಸುತ್ತೇನೆ.

ಭಾವನವರು ಎರಡು ವರ್ಷಕ್ಕೆ ಹುಷಾರಾದರು, ಸಂತೋಷ. ಮಿಕ್ಕ ವರ್ಷಗಳ ಕಥೆ ಏನು? ಅವಳ ಹಾಲುಹಲ್ಲು ಬಿದ್ದದ್ದು ಈ ಮನೆಯ ಬಚ್ಚಲಲ್ಲಿ. ಲೆಕ್ಕದಲ್ಲಿ ನಪಾಸಾಗಿ ಮಂಚದ ಕೆಳಗೆ ಸೇರಿಕೊಂಡಾಗ ಪಕ್ಕದಲ್ಲಿ ಮಲಗಿ ಮಾತಾಡಿಸಿದವಳು ನಾನು. ಮೊದಲ ಸಲ ಮುಟ್ಟಾದಾಗ ಹೆದರಿ ಶಾಲೆಯಿಂದ ಓಡಿ ಬಂದದ್ದು ನನ್ನ ಆಫೀಸಿಗೆ. ಸಂಪಾದಕರ ಎದುರಿಗೇ ನನ್ನ ಸೀರೆಯೊಳಗೆ ಮುಖ ಹುದುಗಿಸಿ ನಿಂತಿದ್ದಳು. ಆಗೆಲ್ಲ ‘ನನ್ನ ಪಿಟೀಲು’ ಎಂಬ ರಾಗ ನಿನ್ನ ಊರಿಂದ ಕೇಳಿಸಲಿಲ್ಲ. ಈಗ ಕೋರ್ಸು ಮುಗಿದು ಕೈಗೆ ಬಂದ ಮೇಲೆ ಕೇಳಿಸುತ್ತಿದೆ.

ಯಾಕೆ, ಭಾವನವರ ಎದೆ ಮತ್ತೆ ನೋಡಬೇಕಾಗಿದೆಯೇ? ಮನೆಯಲ್ಲೇ ಒಬ್ಬಳು ಎಕ್ಸ್‌ರೇ ತೆಗೆಯುವವಳು ಇದ್ದರೆ ಅನುಕೂಲ ಅಂತಲೇ?

ಬರೆದ ಮೇಲೆ ಕೊನೆಯ ಸಾಲು ಒರಟಾಯಿತು ಅನ್ನಿಸಿತು. ಆದರೂ ಇರಲಿ. ನೀನೇ ಕೆಂಪು ಪೆನ್ನಿನಲ್ಲಿ ಹೊಡೆದುಕೋ.

ನಿನ್ನ ತಂಗಿ


ಜೂನ್ 13

ತಂಗೀ,

ಹೊಡೆಯುವುದಿಲ್ಲ. ಆ ಸಾಲನ್ನು ಹಾಗೇ ಇಟ್ಟಿದ್ದೇನೆ. ನಿನ್ನ ಭಾವ ಓದಿ, “ಬಿಡೇ, ಅವಳು ಹೆದರಿದಾಳೆ” ಅಂದರು. ಅವರದ್ದು ಯಾವಾಗಲೂ ದೊಡ್ಡ ಮನಸ್ಸು, ಸಣ್ಣ ಎದೆ. ಎದೆ ಚೆನ್ನಾಗಿದೆ, ನೀನು ಚಿಂತೆ ಮಾಡಬೇಡ. ದಿನಾ ಎರಡು ಮಹಡಿ ಹತ್ತಿ ಇಳಿಯುತ್ತಾರೆ. ನನ್ನದು ಸಣ್ಣ ಮನಸ್ಸು. ನಾನು ಬಿಡುವುದಿಲ್ಲ.

ನಿನ್ನ ಅಂಕಣವನ್ನೇ ಇನ್ನೊಂದು ಸಲ ಓದಿದೆ. ಮೂರನೇ ಪ್ಯಾರಾ ನೀನೇ ಬರೆದದ್ದು: ‘ಕದ್ದ ಮಾಲಿಗೆ ಈ ನಿಯಮ ಇಲ್ಲ. ಕಳ್ಳನಿಂದ ಪ್ರಾಮಾಣಿಕವಾಗಿ ಕೊಂಡವನು ನೂರು ವರ್ಷ ಬಳಸಿದರೂ ಅದು ಅವನದಾಗದು.’ ಹಾಗಾದರೆ ಹೇಳು. “ಈ ವರ್ಷದ ಪರೀಕ್ಷೆ ಒಂದ್ ಮುಗೀಲಿ ಅಕ್ಕ” ಅಂತ ಪ್ರತಿ ವರ್ಷ ಹೇಳಿದೆಯಲ್ಲ, ಅದಕ್ಕೆ ಏನನ್ನಬೇಕು? ಕಳ್ಳರು ರಾತ್ರಿ ಬರುತ್ತಾರೆ. ನೀನು ಪರೀಕ್ಷೆ ಪರೀಕ್ಷೆಗೆ ಬಂದೆ.

ನಾಲ್ಕನೇ ಪ್ಯಾರಾ ಇನ್ನೂ ಚೆನ್ನಾಗಿದೆ. ಮದುವೆಯಾದವಳು ಒಂದು ವರ್ಷ ಗಂಡನ ಮನೆಯಲ್ಲೇ ಇದ್ದರೆ ಅವನ ಅಂಕೆಗೆ ಸೇರುತ್ತಿದ್ದಳು, ವರ್ಷಕ್ಕೆ ಮೂರು ರಾತ್ರಿ ಬೇರೆ ಕಡೆ ಮಲಗಿ ಬಂದರೆ ಆ ಲೆಕ್ಕ ಮುರಿದು ಬೀಳುತ್ತಿತ್ತು ಅಂತ. ಹೆಂಗಸನ್ನೂ ಹೊಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆ ಮಹನೀಯರಿಗೆ ನನ್ನದೊಂದು ನಮಸ್ಕಾರ. ಆದರೆ ನಿಯಮ ನಿಯಮವೇ. ಪಿಟೀಲು ಪ್ರತಿ ಬೇಸಿಗೆ ನಮ್ಮ ಮನೆಯಲ್ಲಿ ಮಲಗಿದ್ದಾಳೆ. ನಿನ್ನ ಲ್ಯಾಟಿನ್ನು ನಿನಗೇ ತಿರುಗಿ ಹೊಡೆಯಿತು.

ಇನ್ನೊಂದು. ‘ಮಾತಿನ ಮನೆತನ’ ಶುರುವಾದಾಗಿನಿಂದ ನೀನು ಕೊನೆಗೆ ಎರಡು ಸಾಲಿನ ಪ್ರಾಸ ಕಟ್ಟದೆ ಬಿಟ್ಟವಳಲ್ಲ. ಜ್ವರ ಬಂದ ವಾರವೂ ‘ಕಷಾಯ–ವಿಷಯ’ ಅಂತ ಏನೋ ಹೊಂದಿಸಿದ್ದೆ. ಈ ಸಲ ಕೊನೆಯಲ್ಲಿ ಪದ್ಯ ಇಲ್ಲ. ಅಂಕಣ ತಟ್ಟನೆ ನಿಂತಿದೆ, ಮಾತಾಡುತ್ತಿದ್ದವರ ಬಾಯಿಗೆ ಯಾರೋ ಕೈ ಅಡ್ಡ ಇಟ್ಟ ಹಾಗೆ. ಪದ್ಯ ಎಲ್ಲಿ?

ಅಕ್ಕ


ಜೂನ್ 17

ಅಕ್ಕ,

ಜಾಹೀರಾತು ಬಂತು, ಕೊನೆ ಕತ್ತರಿಸಿದರು. ಪೇಪರಿನಲ್ಲಿ ಇದೆಲ್ಲ ಇದ್ದದ್ದೇ. ಇಷ್ಟು ವರ್ಷ ಪ್ರೆಸ್ಸಿನಲ್ಲಿ ಕೂತವಳಿಗೆ ನಾನು ಹೇಳಬೇಕೆ?

ಕಳ್ಳಿ ಅಂದೆ. ಒಳ್ಳೆಯದು. ಹದಿನಾರು ವರ್ಷಕ್ಕೆ ಒಂದು ಬಿರುದಾದರೂ ಬಂತು.

‘ಪರೀಕ್ಷೆ ಮುಗೀಲಿ’ ಅಂದದ್ದು ನಿಜ. ನೀನು ಒಂದು ಸಲವಾದರೂ “ಪರೀಕ್ಷೆ ಮನೆ ಹಾಳಾಗ್ಲಿ, ನನ್ ಮಗಳನ್ನ ಕಳ್ಸು” ಅಂದೆಯಾ? ಮೊದಮೊದಲು ನೀನು ‘ಯಾವಾಗ ಕಳಿಸ್ತೀಯ’ ಅಂತಾದರೂ ಕೇಳುತ್ತಿದ್ದೆ. ಆಮೇಲೆ ಅದೂ ನಿಂತಿತು. ಅವಳ ನಾಲ್ಕನೇ ತರಗತಿ ಮುಗಿದ ಬೇಸಿಗೆಯಲ್ಲಿ ನೀನೇ ಬಸ್ಸು ಹತ್ತಿಸಿಕೊಂಡು ಬಂದು ಬಿಟ್ಟೆ. ರಜ ಇನ್ನೂ ಅರ್ಧ ಬಾಕಿ ಇತ್ತು. ಬಾಗಿಲಲ್ಲಿ ನಿಂತು, “ತಗೋ, ನಿನ್ನ ಹುಡುಗಿ” ಅಂದೆ. ನೀರು ಕುಡಿದು ಹೋಗು ಅಂದರೂ ಒಳಗೆ ಬರಲಿಲ್ಲ. ಅದೇ ಬಸ್ಸಿಗೆ ವಾಪಸ್ಸು ಹೋದೆ.

‘ನಿನ್ನ ಹುಡುಗಿ’ ಅಂದವಳು ನೀನು. ಆ ಮಾತು ನನಗೆ ಲ್ಯಾಟಿನ್ನಿನಲ್ಲಿ ಬೇಡ, ಕನ್ನಡದಲ್ಲೇ ನೆನಪಿದೆ. ಅವತ್ತೇ ಅವಳ ಕೋಣೆಯಲ್ಲಿ ನೀನು ಬಂದಾಗ ಮಲಗಲು ಇಟ್ಟಿದ್ದ ಮಂಚ ತೆಗೆಸಿ ಅವಳಿಗೆ ಓದುವ ಮೇಜು ಹಾಕಿಸಿದೆ. ಇನ್ನು ಇವಳು ಇಲ್ಲೇ ಅಂತ.

ಬೇಡ ಅಂತ ತಂದು ಬಿಟ್ಟವಳು ಈಗ ಬೇಕು ಅಂತ ಕೂಗಿದರೆ ನಾನು ಎದ್ದು ಬಾಗಿಲು ತೆಗೆಯಬೇಕೆ? ತೆಗೆಯುವುದಿಲ್ಲ. ಅವಳೇ ಹೇಳಲಿ. ನಾನು ಅವಳಿಗೆ ಇಲ್ಲಿರು ಅಂತಲೂ ಅಂದಿಲ್ಲ, ಹೋಗು ಅಂತಲೂ ಅಂದಿಲ್ಲ.

ತಂಗಿ


ಜೂನ್ 22

ತಂಗೀ,

ನಿನ್ನ ಪೇಪರಿನಲ್ಲಿ ಪುರವಣಿಯ ಪುಟ ಜೋಡಿಸುವವರು ಹಿಂದೆ ನಮ್ಮ ಪ್ರೆಸ್ಸಿನಲ್ಲಿ ಇದ್ದವರು. ಅದು ನಿನಗೆ ಮರೆತು ಹೋಗಿತ್ತು ಅಂತ ಕಾಣುತ್ತದೆ. ಫೋನ್ ಮಾಡಿದೆ.

“ಜಾಹೀರಾತಾ? ಎಲ್ಲಿಂದ ಬರ್ಬೇಕು ಮೇಡಂ! ಅವತ್ತು ನಿಮ್ ತಂಗಿ ಕಳ್ಸಿದ್ದೇ ಗೇಣುದ್ದ ಕಮ್ಮಿ. ಕೇಳಿದ್ರೆ ‘ಇಷ್ಟೇ, ಹಾಕಿ’ ಅಂತ ರೇಗಿದ್ರು. ಜಾಗ ತುಂಬ್ಸೋಕೆ ನಾನು ಆಕಳಿಸ್ತಿರೋ ಬೆಕ್ಕಿನ ಫೋಟೊ ಹಾಕ್ದೆ.”

“ಬೆಕ್ಕಿಗೂ ಲ್ಯಾಟಿನ್ನಿಗೂ ಏನ್ರೀ ಸಂಬಂಧ?”

“ಓದಿದೋರಿಗೆ ಆಕಳಿಕೆ ಬರುತ್ತಲ್ಲ ಮೇಡಂ, ಹೊಂದುತ್ತೆ.”

ಸುಳ್ಳು ಹೇಳುವುದಾದರೆ ಪ್ರೂಫ್ ತಿದ್ದುವವಳ ಹತ್ತಿರ ಹೇಳಬಾರದು. ಪದ್ಯ ಬರೆದಿದ್ದೆ, ನೀನೇ ತೆಗೆದೆ. ಯಾಕೆ?

ಈಗ ಆ ಬೇಸಿಗೆಯ ಮಾತು. ನೀನು ಬಾಗಿಲಿನಿಂದ ಕಂಡದ್ದನ್ನು ಮಾತ್ರ ಬರೆದೆ. ಬಸ್ಸು ಹತ್ತುವ ಮೊದಲು ಆದದ್ದನ್ನು ಕೇಳು.

ಅವಳಿಗೆ ಚಪ್ಪಲಿ ಕೊಡಿಸಲು ಹೋಗಿದ್ದೆವು, ನಾನೂ ನಿನ್ನ ಭಾವನೂ. ಅಂಗಡಿಯವರು ಮಾತಿಗೆ ಅಂತ ಕೇಳಿದರು, “ಯಾರ ಜೊತೆ ಬಂದಿದೀಯಮ್ಮ ಪುಟ್ಟಿ?” ಅವಳು ಕಾಲು ಚಾಚಿಕೊಂಡು, ತಲೆ ಎತ್ತದೆ ಹೇಳಿದಳು:

“ದೊಡ್ಡಮ್ಮನ ಜೊತೆ.”

ತಪ್ಪಿ ಅಂದಳು ಅನ್ನು. ನಿನ್ನ ಮನೆಯ ಪಕ್ಕದ ಮಕ್ಕಳೆಲ್ಲ ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದರು, ಆ ಅಭ್ಯಾಸ ಅನ್ನು. ನಿನ್ನ ಭಾವ ಹಾಗೇ ಅಂದರು, ನಕ್ಕೂ ಬಿಟ್ಟರು. ಅವಳಿಗೇ ತಿಳಿಯಲಿಲ್ಲ, ಹೊಸ ಚಪ್ಪಲಿಯಲ್ಲಿ ಟಪಟಪ ಅಂತ ಅಂಗಡಿಯೆಲ್ಲ ಓಡಾಡಿದಳು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೇ ಇದ್ದೆ. ಮಾರನೇ ದಿನ ಬಸ್ಸು ಹತ್ತಿಸಿದೆ.

ಅಲ್ಲಿಂದ ನಾನು ಯಾಕೆ ಕೇಳಲಿಲ್ಲ ಅಂತ ಈಗ ಗೊತ್ತಾಯಿತೇ? ಬೇಡವಾಗಿ ಅಲ್ಲ. “ಬಾ” ಅಂತ ಕರೆದು, ಅವಳು “ಬರಲ್ಲ ದೊಡ್ಡಮ್ಮ” ಅಂದುಬಿಟ್ಟರೆ? ಕೇಳದೆ ಇದ್ದರೆ ಉತ್ತರವೂ ಇಲ್ಲ. ಅಷ್ಟು ವರ್ಷ ಹಾಗೇ ಕಳೆದೆ.

ಈಗ ಯಾಕೆ ಅಂದೆಯಲ್ಲ, ಎಕ್ಸ್‌ರೇಗಾಗಿ ಅಲ್ಲ. ಇನ್ನು ಮುಂದೆ ಅವಳು ಕೆಲಸ ಅನ್ನುತ್ತಾಳೆ, ಮದುವೆ ಅನ್ನುತ್ತಾಳೆ, ತನ್ನ ಪಾಡಿಗೆ ತಾನು. ‘ಎಲ್ಲಿರಲಿ?’ ಅಂತ ಅವಳು ಈ ಮನೆಯ ಕಡೆ ಒಂದು ಸಲ ತಿರುಗಿ ನೋಡುವುದಿದ್ದರೆ ಇದೇ ಕೊನೆಯ ಸಲ. ಒಂದು ವರ್ಷ ಸಾಕು. ಬೆಳಿಗ್ಗೆ ಬಯ್ದು ಎಬ್ಬಿಸಿ, ಡಬ್ಬಿ ಕಟ್ಟಿ, “ಹೊತ್ತಾಯ್ತು ಕಣೇ” ಅಂತ ಕಿರುಚಿ ಕಳಿಸಬೇಕು. ನೀನು ಸಾವಿರ ಸಲ ಮಾಡಿರುತ್ತೀಯ. ನನಗೆ ಒಂದು ವರ್ಷ.

ಅಕ್ಕ


ಜೂನ್ 26

ಅಕ್ಕ,

ನಿನ್ನ ಕಾಗದ ಓದಿ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಚಪ್ಪಲಿ ಅಂಗಡಿಯ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ನನ್ನ ಮುಂದೆ ಕಲ್ಲಿನ ಹಾಗೆ ಕೂತಿದ್ದೆಯಲ್ಲ! ಅವತ್ತು ಒಳಗೆ ಬಂದು ಒಂದು ಲೋಟ ನೀರು ಕುಡಿದಿದ್ದರೆ, ಹೇಳಿದ್ದರೆ, ನಾನು ಆ ಮಂಚ ತೆಗೆಸುತ್ತಿರಲಿಲ್ಲ.

ಪದ್ಯದ ಮಾತು. ಹೌದು, ಸುಳ್ಳು ಹೇಳಿದೆ. ನಡೆದದ್ದು ಇಷ್ಟು.

ಪ್ರತಿ ಶುಕ್ರವಾರ ಅಂಕಣವನ್ನು ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳಿಸಿಕೊಂಡು ತಿದ್ದುತ್ತೇನೆ. ಈ ಮನೆಯಲ್ಲಿ ಅದೊಂದು ಕ್ರಮ. ಕದ್ದ ಮಾಲು, ದೇವರ ಸ್ವತ್ತು ಇವುಗಳಿಗೆ ನಿಯಮ ಅನ್ವಯಿಸದು ಅಂತ ಬರೆದ ಮೇಲೆ ನಾನು ಇನ್ನೊಂದು ಮಾತು ಸೇರಿಸಿದ್ದೆ: ‘ಸ್ವತಂತ್ರ ಮನುಷ್ಯರಿಗೂ ಅನ್ವಯಿಸದು. ಎಷ್ಟೇ ಒಳ್ಳೆಯ ನಂಬಿಕೆಯಿಂದ, ಎಷ್ಟೇ ಕಾಲ ಇಟ್ಟುಕೊಂಡಿದ್ದರೂ ಸರಿ.’ ಅದು ಅವರ ಹಳೆಯ ಕಾನೂನಿನಲ್ಲಿ ಇದೆ, ನನ್ನ ಕಲ್ಪನೆಯಲ್ಲ. ಅಂಕಣದ ಕೊನೆಗೆ ಪದ್ಯ:

ಉತ್ತ ಹೊಲವು ಉತ್ತವಳಿಗೆ, ಇದ್ದ ಮನೆಯು ಇದ್ದವಳಿಗೆ;
ಎತ್ತಿ ಸಾಕಿದ ಕೂಸು ಯಾರಿಗೆ? ಎದ್ದು ಹೊರಟು ನಿಂತವಳಿಗೆ.

ಪ್ರಾಸ ಚೆನ್ನಾಗಿ ಕೂತಿದೆ ಅಂತ ಬೀಗುತ್ತಿದ್ದೆ. ಪ್ರಾಸ ಹುಡುಕುವಾಗ ನನಗೆ ಅರ್ಥದ ಕಡೆ ಗಮನ ಇರುವುದಿಲ್ಲ, ನಿನಗೆ ಗೊತ್ತು. ಅವಳು ಓದಿದಳು. ಓದಿ ನಕ್ಕಳು.

“ಹಾಗಾದ್ರೆ ನಾನು ಯಾರ್ ಕೈಗೂ ಸಿಗಲ್ಲ ಅಂತಾಯ್ತು. ಅಲ್ವಾ ಚಿಕ್ಕಮ್ಮ?”

ತಮಾಷೆಗೇ ಅಂದದ್ದು. ನನ್ನ ಕೈಯಲ್ಲಿದ್ದ ಲೋಟ ಕುಕ್ಕಿದ ರಭಸಕ್ಕೆ ಕಾಫಿ ಹಾಳೆಯ ಮೇಲೆಲ್ಲ ಚೆಲ್ಲಿತು. “ಓದೋಕೆ ಕೊಟ್ರೆ ಓದು, ಅರ್ಥ ಹೇಳ್ಬೇಡ!” ಅಂತ ಕಿರುಚಿದೆ. ಅವಳು ಬಟ್ಟೆ ತಂದು ಒರೆಸಿದಳು. ನಾನು ಆ ಸಾಲನ್ನೂ ಪದ್ಯವನ್ನೂ ತೆಗೆದು ಮಿಕ್ಕದ್ದನ್ನು ಕಳಿಸಿದೆ.

ನಿನಗೆ ಯಾವಾಗಲೋ ಒಂದು ಸಲ ‘ದೊಡ್ಡಮ್ಮ’ ಸಿಕ್ಕಿತು. ಅದನ್ನು ಹಿಡಿದುಕೊಂಡು ಇಷ್ಟು ವರ್ಷ ನೊಂದೆ. ನನಗೆ ದಿನಾ ಸಿಗುತ್ತದೆ ‘ಚಿಕ್ಕಮ್ಮ’. ಹಲ್ಲು ಬಿದ್ದಾಗ ಚಿಕ್ಕಮ್ಮ, ಜ್ವರ ನೆತ್ತಿಗೇರಿ ಬಡಬಡಿಸಿದಾಗಲೂ ಚಿಕ್ಕಮ್ಮ. ನಾಲಿಗೆ ಒಂದು ಸಲವಾದರೂ ಜಾರಲಿಲ್ಲ ಅಕ್ಕ. ನಿನ್ನ ಹತ್ತಿರ ಜಾರಿದ್ದು ನನ್ನ ಹತ್ತಿರ ಯಾಕೆ ಜಾರಲಿಲ್ಲ? ಆ ಕೋಪ ಯಾರ ಮೇಲೆ ತೀರಿಸಿಕೊಳ್ಳಲಿ? ಅವಳ ಮೇಲೆ ಆಗುವುದಿಲ್ಲ. ಅದಕ್ಕೇ ನಿನ್ನ ಮೇಲೆ.

ಅವಳು ಮುಂದಿನ ವಾರ ನಿನ್ನ ಹತ್ತಿರ ಬರುತ್ತಾಳಂತೆ. ಅವಳ ಬಾಯಿಂದಲೇ ಕೇಳು.

ತಂಗಿ


ಜುಲೈ 3

ತಂಗೀ,

ನಿನ್ನೆ ಬಂದಿದ್ದಳು. ಇವತ್ತು ಬೆಳಿಗ್ಗೆ ಹೋದಳು.

ಬಸ್ಸಿಳಿದವಳ ಕೈಯಲ್ಲಿ ಒಂದೇ ಒಂದು ಚೀಲ. ಅದನ್ನು ನೋಡಿದ ತಕ್ಷಣ ತಿಳಿಯಿತು, ಇರಲು ಬಂದವಳಲ್ಲ ಅಂತ. ಆದರೂ ಮೊದಲು ಊಟ ಬಡಿಸಿದೆ. ಉಂಡ ತಟ್ಟೆ ತೊಳೆಯುತ್ತಾ ಹೇಳಿದಳು:

“ಅಮ್ಮ, ಎರಡೂ ಆಸ್ಪತ್ರೆಗೆ ಬೇಡ ಅಂತ ಹೇಳ್ಬಿಟ್ಟಿದೀನಿ. ಎಕ್ಸ್‌ರೇ ವ್ಯಾನಲ್ಲಿ ಕೆಲಸ ಸಿಕ್ಕಿದೆ. ಊರೂರು ತಿರುಗೋದು. ಎದೆ ಕಾಯಿಲೆ ಇರೋರನ್ನ ಅವರ ಮನೆ ಹತ್ರಾನೇ ಹೋಗಿ ನೋಡೋದು.”

ನಿನ್ನ ಭಾವ, “ಆಗ ಹೀಗೊಂದು ವ್ಯಾನ್ ಬಂದಿದ್ರೆ ನಂಗೆ ಬೇಗ ಗೊತ್ತಾಗ್ತಿತ್ತು” ಅಂದರು. ಅಷ್ಟು ಅಂದು, ಮುಖ ತೊಳೆಯಲು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ.

ನಾನು ಬಯ್ದೆ. ಬೀದಿಗೆ ಕೇಳಿಸುವ ಹಾಗೆ ಬಯ್ದೆ. ಇಬ್ಬರು ಹೆಂಗಸರು ನಿನಗಾಗಿ ಇಲ್ಲಿ ಕಾಗದದಲ್ಲಿ ಜುಟ್ಟು ಹಿಡಿದುಕೊಂಡಿದ್ದರೆ ನೀನು ಚಕ್ರ ಕಟ್ಟಿಕೊಂಡು ಹೊರಟೆಯಾ? ಮನೆಯಿಲ್ಲದವಳೇ, ಮರ್ಯಾದೆಯಿಲ್ಲದವಳೇ, ಎಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಂಡು, ಏನಂದಳು ಗೊತ್ತೇ?

“ಚಿಕ್ಕಮ್ಮನೂ ಇದನ್ನೇ ಅಂದ್ಳು. ಇದೇ ಮಾತು, ಇದೇ ರಾಗ. ನನಗೆ ಪಿಟೀಲು ಅಂತ ಹೆಸರಿಟ್ಟು, ಕುಯ್ಯೋದೆಲ್ಲ ನೀವಿಬ್ರೇ!”

“ಯಾವಾಗ ಅಂದ್ಳು?”

“ಪದ್ಯ ಓದಿದ್ನಲ್ಲ, ಅದಾಗಿ ಎರಡು ವಾರಕ್ಕೆ ವ್ಯಾನಿನವರು ಕರೆದ್ರು. ಅವತ್ತೇ.”

ಹಾಗಾದರೆ ‘ಅವಳೇ ಹೇಳಲಿ’ ಅಂತ ನೀನು ಬರೆದಾಗಲೇ ನಿನಗೆ ಗೊತ್ತಿತ್ತು. ‘ಒಂದು ವರ್ಷ ಸಾಕು’ ಅಂತ ನಾನು ಅಂಗಲಾಚಿ ಬರೆದದ್ದನ್ನು ಓದುವಾಗಲೂ ಗೊತ್ತಿತ್ತು. ಪದ್ಯದ ಗುಟ್ಟು ಬಿಟ್ಟುಕೊಟ್ಟ ಹಾಗೆ ಮಾಡಿ ಇದನ್ನು ಮುಚ್ಚಿಟ್ಟೆ. ನಾನು ಇಲ್ಲಿ ಪೆಟ್ಟಿಗೆಗಳನ್ನೆಲ್ಲ ಹೊರಗಿಟ್ಟು, ಸಣ್ಣ ಕೋಣೆಗೆ ಸುಣ್ಣ ಬಳಿಸಿದ್ದೆ. ಸುಣ್ಣದ ವಾಸನೆಗೆ ಅವಳು ಸೀನಿದಳು. “ಹೊಸ ಬಣ್ಣ ಯಾಕಮ್ಮ?” ಅಂತ ಕೇಳಿದಳು. “ಗೋಡೆ ತೇವ ಹಿಡಿದಿತ್ತು” ಅಂದೆ.

ಇದಕ್ಕೆ ಉತ್ತರ ಕೊಡು. ಪ್ರಾಸ ಬೇಡ.

ಅಕ್ಕ


ಜುಲೈ 8

ಅಕ್ಕ,

ಪ್ರಾಸ ಇಲ್ಲ.

ಗೊತ್ತಿತ್ತು. ಜೂನ್ ಹದಿನಾರರ ಸಂಜೆ ಹೇಳಿದಳು. ಮಾರನೇ ಬೆಳಿಗ್ಗೆ ನಿನಗೆ ಬರೆಯಲು ಕೂತೆ. ‘ಅವಳು ನನಗೂ ಇಲ್ಲ, ನಿನಗೂ ಇಲ್ಲ’ ಅಂತ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಮೊದಲು, ಸತ್ಯ ಹೇಳುತ್ತೇನೆ, ಹೊಟ್ಟೆಕಿಚ್ಚಿಗೆ: ನಾನು ಸೋತದ್ದು ನಿನಗೆ ಇಷ್ಟು ಬೇಗ ಯಾಕೆ ತಿಳಿಯಬೇಕು ಅಂತ. ಆಮೇಲೆ ನಿನ್ನ ಚಪ್ಪಲಿ ಅಂಗಡಿಯ ಕಾಗದ ಬಂತು. ಅದನ್ನು ಓದಿದ ಮೇಲೆ ಕಾರಣ ಬದಲಾಯಿತು. ನನಗೆ ಹದಿನಾರು ವರ್ಷ ಸಿಕ್ಕಿತ್ತು. ‘ಬರುತ್ತಾಳೆ’ ಅಂತ ಕಾಯುವ ಒಂದು ವಾರವಾದರೂ ನಿನಗೆ ಸಿಗಲಿ ಅನ್ನಿಸಿತು. ಸುಣ್ಣ ಬಳಿಸುತ್ತೀಯ ಅಂತ ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ. ಬಯ್ಯುವುದಿದ್ದರೆ ಬಯ್ಯಿ. ಆದರೆ ಇಲ್ಲಿಗೆ ಬಂದು, ಒಳಗೆ ಕೂತು ಬಯ್ಯಿ. ಬಾಗಿಲಲ್ಲಿ ನಿಂತು ಬೇಡ.

ಮೊನ್ನೆ ಬೆಳಿಗ್ಗೆ ವ್ಯಾನು ಮನೆಯ ಮುಂದೆಯೇ ಬಂತು. ಬಿಳಿ ಬಣ್ಣದ್ದು, ಬದಿಗೆ ಒಂದು ಎದೆಗೂಡಿನ ಚಿತ್ರ. ನಾನು ಕೋಪದಲ್ಲಿ ಮೆಟ್ಟಿಲಿನಿಂದ ಇಳಿಯಲಿಲ್ಲ. ಡಬ್ಬಿ ಕೂಡ ಅವಳೇ ಕಟ್ಟಿಕೊಂಡಳು. ಹತ್ತಿ ಕೂತಳು, ಬಾಗಿಲು ಹಾಕಿಕೊಂಡಳು, ವ್ಯಾನು ಹೊರಟಿತು. ಬೀದಿಯ ತಿರುವಿನವರೆಗೂ ನಾನು ಮುಖ ಗೋಡೆಯ ಕಡೆಗೇ ತಿರುಗಿಸಿಕೊಂಡಿದ್ದೆ.

ತಿರುವಿನಲ್ಲಿ ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಅಕ್ಕಪಕ್ಕದ ಮನೆಯವರೆಲ್ಲ ತಿರುಗಿ ನೋಡುವ ಹಾಗೆ ನನ್ನನ್ನು ಕೂಗಿದಳು. ಒಂದೇ ಪದ.

ಯಾವ ಪದ ಅಂತ ಕೇಳಬೇಡ. ಹೇಳುವುದಿಲ್ಲ. ಅವಳ ಹಲ್ಲು, ಜ್ವರ, ಅಂಕಪಟ್ಟಿ, ಎಲ್ಲದರ ವರದಿಯನ್ನೂ ವಾರ ತಪ್ಪದೆ ನಿನಗೆ ಒಪ್ಪಿಸಿದ್ದೇನೆ. ಇದೊಂದನ್ನು ಒಪ್ಪಿಸುವುದಿಲ್ಲ.

ನಿನ್ನ ತಂಗಿ